ಹಲಸಿನ ಮರಕ್ಕೊಂದು ಮೆಟಲ್ ಡಿಟೆಕ್ಟರ್

ಮೊದಲೇ ಹೇಳಿಬಿಡುತ್ತೇನೆ. ಈ ವಾರ ಬರೆಯುತ್ತಿರುವುದರಲ್ಲಿ ಒಂದೆರಡು ವಿವರ ತಪ್ಪಿರಬಹುದು. ಕೊಪ್ಪದ ಸಾಮಿಲ್ಲಿಗೆ ನಾನು ಹೋದದ್ದು ಸೋಮವಾರವೋ ಮಂಗಳವಾರವೋ, ಖಾತ್ರಿಯಿಲ್ಲ. ಸಾಮಿಲ್ಲಿನ ಯಜಮಾನರು ಆಗ ನಿಂತಿದ್ದರೋ ಕೂತಿದ್ದರೋ, ಅದೂ ಗೊತ್ತಿಲ್ಲ. ನನ್ನ ನೆನಪಿನಲ್ಲಿ ಅವರು ಮರದ ಹುಡಿಯ ರಾಶಿಯ ಮೇಲೆ, ಮೋಡದ ಮೇಲೆ ಕೂತವರ ಹಾಗೆ ಕೂತಿದ್ದಾರೆ. ಅದಂತೂ ಸಾಧ್ಯವಿಲ್ಲ. ಒಳಗೆ ಫ್ಯಾನು, ಕುರ್ಚಿ ಎಲ್ಲ ಇರುವಾಗ ಯಜಮಾನರು ಹುಡಿಯ ಮೇಲೆ ಯಾಕೆ ಕೂರುತ್ತಾರೆ?

ಆದರೆ ಅವರು ಹೇಳಿದ್ದು ಮಾತ್ರ ಚೆನ್ನಾಗಿ ನೆನಪಿದೆ.

"ಈ ಮರ ನಾನು ಕೊಯ್ಯೋದಿಲ್ಲ ಮೇಡಂ. ಇದರ ಹೊಟ್ಟೇಲಿ ಕಬ್ಬಿಣ ಇದೆ."

ಮರ ಅವರ ಎದುರಿಗೆ ಇರಲೇ ಇಲ್ಲ. ನನ್ನ ಮೊಬೈಲಿನಲ್ಲಿ ಅದರ ಫೋಟೋ ಇತ್ತು, ಅಷ್ಟೆ. ಹಲಸಿನ ದಿಮ್ಮಿಯ ಕೊಯ್ದ ತುದಿ. ಅರಿಸಿನದಂಥ ಹಳದಿ. ಆ ಹಳದಿಯ ನಡುವೆ ಯಾರೋ ಶಾಯಿ ಚೆಲ್ಲಿದಂತೆ ನೀಲಿಗಪ್ಪು ಗೆರೆ. ನಾನು ಆ ಗೆರೆಯನ್ನು ನೋಡಿ ಮರುಳಾಗಿದ್ದೆ. ಪಾಲಿಶ್ ಹಾಕಿದರೆ ಎಷ್ಟು ಚಂದ ಕಾಣುತ್ತದೆ ಎಂದು ಮನಸ್ಸಿನಲ್ಲೇ ಪಾಲಿಶ್ ಕೂಡ ಹಾಕಿ ಮುಗಿಸಿದ್ದೆ. ಯಜಮಾನರ ಪ್ರಕಾರ ಅದು ಚಂದವಲ್ಲ, ಮೊಳೆಯ ತುಕ್ಕು ಮರಕ್ಕೆ ಇಳಿದ ಕಲೆ.

ವಿಷಯ ಇಷ್ಟು. ಶೃಂಗೇರಿ ಹತ್ತಿರದ ಮೆಣಸೆಯಲ್ಲಿ ನಾವೊಂದು ಸಣ್ಣ ಮನೆ ಕಟ್ಟಿಸುತ್ತಿದ್ದೇವೆ. ಮುಂಬಾಗಿಲಿನ ದಾರಂದ, ಅಂದರೆ ಚೌಕಟ್ಟು, ನಿಲ್ಲಿಸಲು ಮುಹೂರ್ತ ಗೊತ್ತಾಗಿತ್ತು. ಅರಿಸಿನ ಕುಂಕುಮ ಹಚ್ಚಿ, ಮಾವಿನೆಲೆ ಕಟ್ಟಿ, ನಾಲ್ಕು ಜನ ನೆಂಟರನ್ನು ಕರೆದು ಮಾಡುವ ಕೆಲಸ ಅದು. ಶೆಟ್ಟಿಕೊಪ್ಪದ ಅಜ್ಜಯ್ಯನ ಮನೆಯಲ್ಲೇ ಇರುವ ನನ್ನ ಸಾವಿತ್ರತ್ತೆ, ನಮ್ಮಪ್ಪನ ತಂಗಿ, ವಿಷಯ ತಿಳಿದು ಫೋನ್ ಮಾಡಿದರು. "ದುಡ್ಡು ಕೊಟ್ಟು ಮರ ತಗೋಬೇಡ ಮಾರಾಯ್ತಿ. ಕರೆಂಟಿನವರ ತಂತಿ ಮೇಲೆ ಬಗ್ಗಿದೆ ಅಂತ ನಮ್ಮ ಹಲಸು ಕಡಿಸಿದೀನಿ. ಬುಡದ ತುಂಡು ನಿಂಗೆ. ಹೊಸ ಮನೆಗೆ ತವರಿನ ಮರದ್ದೇ ಬಾಗಿಲಿರ್ಲಿ."

ಪ್ರತಿದಿನ ಅಪ್ಪನ ಮನೆಯ ಮರವನ್ನು ದಾಟಿ ಒಳಗೆ ಹೋಗುವುದು, ಹೊರಗೆ ಬರುವುದು. ಅದಕ್ಕಿಂತ ಇನ್ನೇನು ಬೇಕು?

ಬೇಕಾದದ್ದು ಮೆಟಲ್ ಡಿಟೆಕ್ಟರ್ ಎಂದು ಆಗ ಗೊತ್ತಿರಲಿಲ್ಲ.

"ಕಾಡುಮರ ಆದ್ರೆ ಚಿಂತೆ ಇಲ್ಲ ಮೇಡಂ," ಎಂದರು ಯಜಮಾನರು. "ಮನೆ ಹತ್ರದ ಮರ ಅಂದ್ರೇ ಹೆದರಿಕೆ. ಬಟ್ಟೆ ಒಣಗ್ಸೋ ತಂತಿ, ಬೇಲಿ ತಂತಿ, ದನ ಕಟ್ಟೋ ಕೊಂಡಿ, ಆಂಟೆನಾ. ಸಿಕ್ಕಿದ್ದೆಲ್ಲ ಹೊಡೀತಾರೆ. ಮರ ಎಲ್ಲ ನುಂಗಿ ಏನೂ ಗೊತ್ತಿಲ್ದಂಗೆ ನಿಂತಿರ್ತದೆ. ಬ್ಲೇಡಿಗೆ ಸಿಕ್ಕಿತು ಅಂದ್ರೆ ಬ್ಲೇಡ್ ತುಂಡಾಗಿ ಹಾರ್ತದೆ. ನಮ್ಮ ಹುಡುಗರ ಕುತ್ತಿಗೆಗೆ ಬಂದ್ರೆ ನಾನೆಂತ ಮಾಡ್ಲಿ?"

"ಹಾಗಾದ್ರೆ ನಾನೇನು ಮಾಡ್ಲಿ?"

"ಡಿಟೆಕ್ಟರ್ ಹಿಡಿದು ನೋಡಿ. ಎಲ್ಲೆಲ್ಲಿದೆ ಗುರುತು ಹಾಕಿ. ಕೀಳ್ಸಿ ತನ್ನಿ. ಮರುದಿನವೇ ಕೊಯ್ದು ಕೊಡ್ತೀನಿ."

"ನಿಮ್ಮ ಹತ್ರ ಇಲ್ವಾ ಅದು?"

"ಇತ್ತು. ಯಾರೋ ಎರಡು ದಿನಕ್ಕೆ ಅಂತ ತಗೊಂಡು ಹೋದವ್ರು ವಾಪಸ್ ತರ್ಲಿಲ್ಲ. ನಿಧಿ ಸಿಕ್ಕಿತೋ ಏನೋ."

ಮನೆಗೆ ಬಂದು ಹೇಳಿದರೆ ನಮ್ಮನೆಯವರು ತಟ್ಟೆಯಿಂದ ತಲೆ ಎತ್ತದೆ ಬಜೆಟ್ ಮಂಡಿಸಿದರು. "ಸಾಮಿಲ್ಲಿನ ಒಂದು ಬ್ಲೇಡಿಗಿಂತ ಆ ಯಂತ್ರ ದುಬಾರಿ ಅಂತಾದ್ರೆ ಬೇಡ. ಕೊಪ್ಪದಲ್ಲಿ ರೆಡಿ ದಾರಂದ ಸಿಗ್ತದೆ." ಮಂಡನೆ ಮುಗಿಯಿತು. ಚರ್ಚೆಗೆ ಅವಕಾಶವಿಲ್ಲ.

ನೀವು ಯಾವತ್ತಾದರೂ ಮೆಟಲ್ ಡಿಟೆಕ್ಟರ್ ಕೊಳ್ಳಲು ಹೊರಟಿದ್ದೀರಾ? ಇಲ್ಲ ಅಲ್ಲವೇ? ನಾನೂ ಹೊರಟಿರಲಿಲ್ಲ. ನನಗೆ ಗೊತ್ತಿದ್ದದ್ದು ಮಾಲಿನ ಬಾಗಿಲಲ್ಲಿ ನಮ್ಮ ಹೊಟ್ಟೆಯ ಮೇಲೆ ಆಡಿಸುವ ಕಪ್ಪು ಕೋಲು ಒಂದೇ. ಹುಡುಕಲು ಕೂತ ಮೇಲೆ ತಿಳಿಯಿತು, ಇದೊಂದು ದೊಡ್ಡ ಕುಟುಂಬ. ಆ ಕಪ್ಪು ಕೋಲು ಇದರಲ್ಲಿ ಕಿರಿಯದು, ಅಗ್ಗದ್ದು. ಆದರೆ ಅದಕ್ಕೆ ಮೇಲುಮೇಲಿನದು ಮಾತ್ರ ಕೇಳಿಸುತ್ತದೆ. ಜೇಬಿನ ಚಾಕು ಸಿಕ್ಕೀತು, ಮರ ನುಂಗಿದ ಮೊಳೆ ಸಿಗಲಾರದು. ಕ್ಯಾರೆಟ್ಟಿನಂಥ ಇನ್ನೊಂದಿದೆ. ಜಾಗ ಗೊತ್ತಾದ ಮೇಲೆ ಮೊಳೆ ಇಲ್ಲೇ ಎಂದು ಬೆರಳಿಟ್ಟು ತೋರಿಸಲು ಅದು ಬೇಕು, ಜಾಗ ಹುಡುಕಲು ಆಗದು. ಆಮೇಲೆ ಉದ್ದ ಕೋಲಿನ ತುದಿಗೆ ತಟ್ಟೆ ಸಿಕ್ಕಿಸಿದಂಥದ್ದು. ಆ ತಟ್ಟೆಗೆ ಕಾಯಿಲ್ ಎನ್ನುತ್ತಾರೆ. ಕಿವಿಗೆ ಹೆಡ್‌ಫೋನ್ ಬೇರೆ.

ಈ ಮೂರನೆಯದರ ವಿಡಿಯೋಗಳನ್ನು ನೋಡುತ್ತ ನಾನು ಎಷ್ಟು ದಿನ ಕಳೆದೆನೋ! ಯಾವುದೋ ದೇಶ, ಯಾವುದೋ ಸಮುದ್ರ. ನಸುಕಿನ ಬೆಳಕಿನಲ್ಲಿ ಒಬ್ಬ ಮುದುಕ ಒಂಟಿಯಾಗಿ ಮರಳಿನ ಮೇಲೆ ಆ ತಟ್ಟೆಯನ್ನು ಎಡಕ್ಕೂ ಬಲಕ್ಕೂ ಬೀಸುತ್ತ ನಡೆಯುತ್ತಿರುತ್ತಾನೆ. ಮಾತಿಲ್ಲ. ಒಂದು ಕಡೆ ನಿಲ್ಲುತ್ತಾನೆ. ತಲೆ ವಾಲಿಸುತ್ತಾನೆ. ಕೆಳಗಿನಿಂದ ಯಾರೋ ಕರೆದ ಹಾಗೆ ಮೆಲ್ಲಗೆ ಮಂಡಿಯೂರುತ್ತಾನೆ. ಆ ಭಂಗಿಯನ್ನು ನೋಡುತ್ತ ನೋಡುತ್ತ ನನ್ನ ಒಲೆಯ ಮೇಲಿನ ಅನ್ನ ಎರಡು ಸಲ ತಳ ಹತ್ತಿತು. (ಮೂರು ಸಲ ಎಂದು ನಮ್ಮನೆಯವರು ಹೇಳುತ್ತಾರೆ. ಅವರ ನೆನಪನ್ನೂ ನಾನು ನಂಬುವುದಿಲ್ಲ.)

ಬೆಲೆ ಹೆಚ್ಚಾದಂತೆ ಈ ಯಂತ್ರಗಳು ಜಾಣವಾಗುತ್ತ ಹೋಗುತ್ತವೆ. ಎಂಥ ಜಾಣತನ ಗೊತ್ತೇ? ಕಬ್ಬಿಣವನ್ನು ಕಂಡೂ ಕಾಣದಂತೆ ಇರುವುದು! ಚಿನ್ನ ಬೆಳ್ಳಿಯ ನಾಣ್ಯ ಹುಡುಕುವವರಿಗೆ ಮೊಳೆ ಎಂದರೆ ಕಸ. ಆದ್ದರಿಂದ ಮೊಳೆ ಸಿಕ್ಕಾಗ ಸುಮ್ಮನಿರುವಂತೆ ಯಂತ್ರಕ್ಕೆ ಕಲಿಸಿರುತ್ತಾರೆ. ರಿವ್ಯೂಗಳಲ್ಲಿ ಜನ ಅದನ್ನು ಹೊಗಳಿದ್ದೇ ಹೊಗಳಿದ್ದು. "ಒಂದೇ ಒಂದು ಮೊಳೆಗೂ ಬಾಯಿ ಬಿಡಲಿಲ್ಲ" ಎಂದು ಐದು ನಕ್ಷತ್ರ ಕೊಟ್ಟಿದ್ದಾರೆ. ನನಗೆ ಬೇಕಾದದ್ದೇ ಮೊಳೆ ಕಂಡರೆ ಕೂಗುವ ಬಾಯಿಬಡುಕ ಯಂತ್ರ. ಹಾಗಾಗಿ ಯಾವ ಜಾಣತನವೂ ಇಲ್ಲದ, ಪರದೆಯೂ ಇಲ್ಲದ, ಒಂದೇ ತಿರುಗುಗುಂಡಿಯ ಯಂತ್ರ ನನಗೆ ಸರಿ ಎಂದು ತೀರ್ಮಾನಿಸಿದೆ. ಕಡಿಮೆ ಬಜೆಟ್ಟಿನವರಿಗೆ ಇಂಥ ಅದೃಷ್ಟ ಬದುಕಿನಲ್ಲಿ ಎಷ್ಟು ಸಲ ಒಲಿಯುತ್ತದೆ ಹೇಳಿ?

ಆನ್‌ಲೈನಿನಲ್ಲಿ ತರಿಸಲು ಧೈರ್ಯ ಬರಲಿಲ್ಲ. ಕೊಪ್ಪದಲ್ಲಿ ಕ್ಯಾಮೆರಾ, ಇನ್ವರ್ಟರ್ ಮಾರುವ ಅಂಗಡಿಯೊಂದಿದೆ. ಅವರು ಎರಡು ಯಂತ್ರ ತರಿಸಿಟ್ಟು ನೋಡಿ ಹೋಗಿ ಎಂದರು. ನಾನು ಚೀಲದಲ್ಲಿ ಒಂದು ಹಳೆಯ ಮೊಳೆ ಹಾಕಿಕೊಂಡು ಹೋದೆ.

"ಎಂತಕ್ಕೆ ಅಕ್ಕ ಇದು? ನಿಧಿಗಾ?" ಎಂದರು ಅಂಗಡಿಯವರು.

"ಬಾಗಿಲಿಗೆ."

"ಬಾಗಿಲಿಗಾದ್ರೆ ಕ್ಯಾಮೆರಾ ಹಾಕ್ಸಿ. ಒಳ್ಳೆ ಆಫರ್ ಇದೆ."

ವಿವರಿಸಲು ಹೋಗಲಿಲ್ಲ. ಮೇಜಿನ ಮೇಲೆ ಮೊಳೆ ಇಟ್ಟೆ. ಅದರ ಮೇಲೆ ಹಳೆಯ ಪೇಪರಿನ ಕಟ್ಟು ಇಟ್ಟೆ. ಯಂತ್ರ ಆಡಿಸಿದೆ. ಎರಡೂ ಕೂಗಿದವು. ಮೇಜು ಕಬ್ಬಿಣದ್ದು! ಎಲ್ಲವನ್ನೂ ಪ್ಲಾಸ್ಟಿಕ್ ಸ್ಟೂಲಿನ ಮೇಲಕ್ಕೆ ವರ್ಗಾಯಿಸಿದೆವು. ಒಂದು ಕಟ್ಟು ಪೇಪರ್, ಎರಡು ಕಟ್ಟು, ಮೂರು. ದೊಡ್ಡ ತಟ್ಟೆಯ ಯಂತ್ರ ಸಣ್ಣ ಮೊಳೆಯನ್ನು ಬೇಗ ಮರೆತುಬಿಟ್ಟಿತು. ಸಣ್ಣ ತಟ್ಟೆಯದು ಕೊನೆಯವರೆಗೂ ಕ್ಷೀಣವಾಗಿ ಗುನುಗುತ್ತಲೇ ಇತ್ತು. ಬೆಲೆಯೂ ಅದರದ್ದೇ ಕಡಿಮೆ. ಬ್ಯಾಟರಿ ಬದಲಿಸಲು ಬಂದಿದ್ದ ಗಿರಾಕಿಯೊಬ್ಬರು ಬಾಗಿಲಲ್ಲಿ ನಿಂತು ಎಲ್ಲವನ್ನೂ ನೋಡಿ, "ಸಿಕ್ಕಿದ್ರೆ ನಂಗೊಂದು ಪಾಲು ಅಕ್ಕ, ಸಾಕ್ಷಿ ನಾನು" ಎಂದು ಹೇಳಿ ಹೋದರು.

ಹೀಗೆ ಯಂತ್ರ ಬಂತು. ಅದನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಎನ್.ಆರ್. ಪುರದ ಬಸ್ಸು ಹತ್ತಿದೆ. ಯಾಕೆ ಸುತ್ತಿದೆ? ನಿಧಿಯವಳು ಎಂದು ನಾಲ್ಕು ಜನ ನೋಡಬಾರದೆಂದು. ಸುತ್ತಿದ್ದರಿಂದಲೇ ಇಡೀ ಬಸ್ಸು ನೋಡಿತು.

ಶೆಟ್ಟಿಕೊಪ್ಪದಲ್ಲಿ ಅತ್ತೆಯ ಅಂಗಳ ಬಿಸಿಲಿಗೆ ತೆರೆದುಕೊಂಡಿತ್ತು. ಮರವಿದ್ದ ಜಾಗದಲ್ಲಿ ಈಗ ಆಕಾಶ. ಅಷ್ಟು ಆಕಾಶ ಆ ಅಂಗಳಕ್ಕೆ ಹೊಸದು. ಎಲ್ಲ ವಸ್ತುಗಳೂ, ಬಾವಿಯ ರಾಟೆ, ಒನಕೆ, ಅತ್ತೆಯ ಮುಖ ಸಹ, ತುಸು ಮಸುಕಾದ ಫೋಟೋದ ಹಾಗೆ ಕಾಣುತ್ತಿದ್ದವು. ನಡುವೆ ದಿಮ್ಮಿ ಮಲಗಿತ್ತು. ನಾನು ಹೆಡ್‌ಫೋನ್ ಹಾಕಿ, ಆ ಸಮುದ್ರದ ಮುದುಕನ ಹಾಗೆ ತಲೆ ವಾಲಿಸಿ, ತಟ್ಟೆ ಆಡಿಸಿದೆ.

ಯಂತ್ರ ಗೋಳೋ ಎಂದು ಅತ್ತಿತು.

ಬುಡದಲ್ಲಿ ಅತ್ತಿತು. ನಡುವೆ ಅತ್ತಿತು. ತುದಿಯಲ್ಲೂ ಅತ್ತಿತು. ಹೆಡ್‌ಫೋನ್ ಕಿತ್ತ ಮೇಲೆ ಅತ್ತೆಗೂ ಕೇಳಿಸಿತು.

"ಇಡೀ ಮರನೇ ಮೊಳೆ ಅಂತದಲ್ಲೇ ಇದು!"

ನನ್ನ ಬಳೆ ತೆಗೆದಿಟ್ಟೆ. ಅತ್ತೆ ಸೀರೆಯ ಪಿನ್ನು ತೆಗೆದರು. ಅಳು ನಿಲ್ಲಲಿಲ್ಲ. "ಕಾಲುಂಗುರ?" ಎಂದೆ. "ಅದು ಬೆಳ್ಳಿ, ಅದಕ್ಯಾಕೆ ಅಳ್ತದೆ ಇದು?" ಎಂದರು ಅತ್ತೆ. ಸೋತು ಯಂತ್ರವನ್ನು ಪಕ್ಕಕ್ಕೆ ನೆಲದ ಮೇಲೆ ಇಟ್ಟೆ. ಮರದಿಂದ ದೂರ ಬಂದ ಮೇಲೂ ಅಳುತ್ತಲೇ ಇದೆ! ಆಗ ಹೊಳೆಯಿತು. ಅಳುತ್ತಿರುವುದು ನೆಲಕ್ಕೆ. ಆ ಅಂಗಳದ್ದು ಜಂಬಿಟ್ಟಿಗೆ ಕಲ್ಲಿನ ಕೆಂಪು ಮಣ್ಣು. ಕೆಂಪು ಎಂದರೇನು, ಕಬ್ಬಿಣದ ಅಂಶವೇ. ಮರಳಿನಲ್ಲಿ ನಡೆಯುವ ಮುದುಕ ಈ ಕಷ್ಟ ಹೇಳಿರಲಿಲ್ಲ. ದುಬಾರಿ ಯಂತ್ರಗಳಿಗೆ ನೆಲದ ಸದ್ದನ್ನು ಕಳೆದು ಕೇಳುವ ಉಪಾಯ ಇರುತ್ತದಂತೆ. ನನ್ನದಕ್ಕೆ ಎಲ್ಲಿಂದ ಬರಬೇಕು?

ಪಕ್ಕದ ಮನೆಯ ಇಬ್ಬರು ಬಂದರು. ದಿಮ್ಮಿಯನ್ನು ಹಾರೆಯಿಂದ ಮೀಟಿ ತೆಂಗಿನ ಮರದ ತುಂಡುಗಳ ಮೇಲೆ ಏರಿಸಿದರು. "ನಿಧಿ ಮರದ ಒಳಗೂ ಇಡ್ತಿದ್ರಾ ಸಾವಿತ್ರಮ್ಮ?" ಎಂದು ಕೇಳಿದರು. "ಹೌದು ಮಾರಾಯ, ನಿಮ್ಮಂಥವ್ರಿಗೆ ಸಿಗಬಾರ್ದು ಅಂತ," ಎಂದರು ಅತ್ತೆ. ನಾನು ಗುಂಡಿ ತಿರುಗಿಸಿ ಸದ್ದು ತಗ್ಗಿಸಿದೆ. ಹಾರೆಗಳನ್ನು ದೂರ ಇಡಿಸಿದೆ.

ಈಗ ಯಂತ್ರ ಸುಮ್ಮನಾಯಿತು. ಕಿವಿಯಲ್ಲಿ ಬರೀ ಜೇನುನೊಣದಂಥ ಗುಂಯ್. ಆ ಗುಂಯ್ ಒಳಗೆ ನಾನು ಮೆಲ್ಲಗೆ ಇಳಿದೆ.

ಮೊದಲ ಸದ್ದು ತುದಿಯ ಹತ್ತಿರ. ಅತ್ತೆ ಸೀಮೆಸುಣ್ಣದಿಂದ ಚುಕ್ಕಿ ಇಟ್ಟರು. "ಬಟ್ಟೆ ತಂತಿದು," ಎಂದರು. ಇನ್ನೊಂದು. "ಆಂಟೆನಾ ಕಟ್ಟಿದ್ದು." ನಾನು ಕೆಳಕ್ಕೆ ಸರಿದೆ. ತುಂಬ ಆಳದಿಂದ, ನೀರೊಳಗಿಂದ ಬಂದಂತೆ ಒಂದು ಸಣ್ಣ ಸ್ವರ. ಅದರ ಕೆಳಗೆ ಇನ್ನೊಂದು. ಅದರ ಕೆಳಗೆ ಮತ್ತೊಂದು. ಚುಕ್ಕಿಗಳು ಬುಡದ ಕಡೆಗೆ ಸಾಲಾಗಿ ಇಳಿದವು. ಪಕ್ಕದಲ್ಲೇ ಇನ್ನೊಂದು ಸಾಲು.

ಅತ್ತೆ ಸೀಮೆಸುಣ್ಣ ಹಿಡಿದ ಕೈಯನ್ನು ಬಾಯಿಯ ಮೇಲಿಟ್ಟುಕೊಂಡರು. ಆಮೇಲೆ ನಕ್ಕರು. ಎಷ್ಟೋ ದಿನಕ್ಕೆ ಅಷ್ಟು ದೊಡ್ಡದಾಗಿ ನಕ್ಕರು.

"ಅಯ್ಯೋ, ಇದು ಅಣ್ಣಂದು ಕಣೆ! ನಿನ್ನಪ್ಪಂದು! ಇದು ನಂದು!"

ನಮ್ಮ ಅಜ್ಜಯ್ಯ, ಅಂದರೆ ಅತ್ತೆಯ ಅಪ್ಪ, ಪ್ರತಿ ಯುಗಾದಿಗೆ ಮಕ್ಕಳ ಎತ್ತರ ಅಳೆಯುತ್ತಿದ್ದರಂತೆ. ಗೋಡೆಯ ಮೇಲೆ ಗುರುತು ಹಾಕಿದರೆ ದೀಪಾವಳಿಗೆ ಸುಣ್ಣ ಬಳಿದಾಗ ಅಳಿಸಿಹೋಗುತ್ತದೆ. ಹಾಗಾಗಿ ಮಕ್ಕಳನ್ನು ಹಲಸಿನ ಮರಕ್ಕೆ ಬೆನ್ನು ಕೊಟ್ಟು ನಿಲ್ಲಿಸಿ, ತಲೆಯ ಮೇಲೆ ಪಟ್ಟಿ ಇಟ್ಟು, ಅದರ ಮಟ್ಟಕ್ಕೆ ಒಂದು ಮೊಳೆ. ಎತ್ತಿಗೆ ಲಾಳ ಕಟ್ಟಿಸಿ ಉಳಿದ ಮೊಳೆಗಳು.

"ಅಣ್ಣ ಹಿಮ್ಮಡಿ ಎತ್ತಿ ನಿಲ್ತಿದ್ದ, ಕಳ್ಳ. ಅಪ್ಪಯ್ಯ ಕೋಲಲ್ಲಿ ಕಾಲಿಗೊಂದು ಬಿಟ್ಟ ಮೇಲೆ ಇಳೀತಿದ್ದ. ನೋಡಿಲ್ಲಿ, ಈ ವರ್ಷ ನಾನೇ ಅವನಿಗಿಂತ ಉದ್ದ!"

ನಾನು ಆ ಚುಕ್ಕಿಯ ಮೇಲೆ ಬೆರಳಿಟ್ಟೆ. ಅಪ್ಪ ಈಗಿಲ್ಲ. ಆದರೆ ಅವರ ನೆತ್ತಿ ಇಲ್ಲಿತ್ತು. ಇಷ್ಟೇ ಎತ್ತರದಲ್ಲಿ. ಮರ ನಿಂತಿದ್ದರೆ ನನ್ನ ಸೊಂಟಕ್ಕಿಂತ ಕೆಳಗೆ, ತಲೆ ಸವರಬಹುದಾದಷ್ಟು ಹತ್ತಿರದಲ್ಲಿ.

ಆಗ ಅತ್ತೆ ನಗು ನಿಲ್ಲಿಸಿ ಒಂದು ವಿಚಿತ್ರ ಪ್ರಶ್ನೆ ಕೇಳಿದರು. "ಇವೆಲ್ಲ ಇಲ್ಲೇ ಇದಾವಾ?"

"ಮತ್ತೆಲ್ಲಿಗೆ ಹೋಗ್ತಾವೆ ಅತ್ತೆ?"

"ಅಲ್ವೇ, ಮರ ಬೆಳೆದಂಗೆ ಮೊಳೆನೂ ಮೇಲೆ ಹೋಗ್ತದಲ್ಲ."

ಹೋಗುವುದಿಲ್ಲ. ನಾನೂ ಹೋಗುತ್ತದೆ ಎಂದೇ ಬಹುಕಾಲ ಅಂದುಕೊಂಡಿದ್ದೆ. (ಎಂ.ಎ. ಪಾಸಾದದ್ದಕ್ಕೂ ಇದಕ್ಕೂ ಸಂಬಂಧವಿಲ್ಲ.) ಮರ ಎತ್ತರವಾಗುವುದು ತುದಿಯಲ್ಲಿ. ಕಾಂಡ ದಪ್ಪವಾಗುತ್ತದೆ, ಅಷ್ಟೆ. ಹೊಡೆದ ಮೊಳೆ ಹೊಡೆದ ಎತ್ತರದಲ್ಲೇ ಉಳಿದು, ವರ್ಷ ವರ್ಷ ಒಂದೊಂದು ಪದರದ ಹಿಂದೆ ಸರಿಯುತ್ತ ಹೋಗುತ್ತದೆ. ಡಿಟೆಕ್ಟರ್ ಹುಡುಕುವ ಭರದಲ್ಲಿ ನಾನು ಇದನ್ನು ಎಲ್ಲೋ ಓದಿದ್ದೆ. ಅತ್ತೆಗೆ ಹೇಳಿದೆ.

ಅವರು ಕೇಳಿಸಿಕೊಂಡರು. ಆಮೇಲೆ ಬಚ್ಚಲುಮನೆಯ ಕಡೆ ನೋಡಿದರು.

ಅಲ್ಲಿ, ಬಚ್ಚಲೊಲೆಯ ಪಕ್ಕದ ಚಪ್ಪರದಲ್ಲಿ, ಅದೇ ಮರದ ಮೇಲಿನ ತುಂಡು ಇತ್ತು. ಸೊಟ್ಟಗೆ, ಗಂಟುಗಂಟಾಗಿ, ಯಾವ ಕೆಲಸಕ್ಕೂ ಬಾರದ ತುಂಡು. ಮರ ಕಡಿಸಿದ ದಿನ ಅತ್ತೆ ಒಳ್ಳೆಯ ಬುಡವನ್ನು ನನಗೆ ಕೊಟ್ಟು, "ಮೇಲಿನದ್ದು ನಂಗಿರ್ಲಿ, ಯಾರೂ ಒಡೀಬೇಡಿ" ಎಂದು ಅದನ್ನು ಹೊರಿಸಿ ಇಡಿಸಿಕೊಂಡಿದ್ದರು. ಸುದ್ದಿ ಕೇಳಿ ನಾವೆಲ್ಲ ತಮಾಷೆ ಮಾಡಿದ್ದೆವು. ಇಷ್ಟು ಸೊಟ್ಟ ಮರದಲ್ಲಿ ಸಾವಿತ್ರತ್ತೆ ಏನು ಕುರ್ಚಿ ಮಾಡಿಸುತ್ತಾರಂತೆ ಎಂದು.

ಕುರ್ಚಿಗಲ್ಲ. ಮೊಳೆಗಳೆಲ್ಲ ಮರದ ಜೊತೆ ಮೇಲೇರಿ ಆ ತುಂಡಿನಲ್ಲಿ ಇವೆ ಎಂದು ಅವರು ನಂಬಿದ್ದರು. ಉಳಿಸಿಕೊಂಡಿದ್ದೇನೆ ಅಂದುಕೊಂಡದ್ದು ಬರೀ ಸೌದೆ. ಉಳಿಸಿಕೊಳ್ಳಬೇಕಾದದ್ದನ್ನು ನನ್ನ ಬಾಗಿಲಿಗೆ ಕೊಟ್ಟುಬಿಟ್ಟಿದ್ದರು.

ಇಷ್ಟಾದರೂ ನನಗೆ ಅರ್ಥವಾಗಿರಲಿಲ್ಲ. ಅಣ್ಣನ ನೆನಪು, ತಮ್ಮ ಬಾಲ್ಯದ ನೆನಪು, ಅದಕ್ಕಾಗಿ ಎಂದುಕೊಂಡೆ. "ಚಿಂತೆ ಮಾಡಬೇಡಿ ಅತ್ತೆ, ಕಿತ್ತ ಮೊಳೆಗಳನ್ನೆಲ್ಲ ನಿಮಗೇ ಕೊಡ್ತೀನಿ" ಎಂದೆ. ಪಕ್ಕದ ಮನೆಯವರಿಗೆ ದಿಮ್ಮಿ ಮಗುಚಲು ಹೇಳಿದೆ.

ಕೆಳಗಿದ್ದ ಮಗ್ಗುಲು ಮೇಲೆ ಬಂತು. ನಾನು ಮತ್ತೆ ಆ ಗುಂಯ್ ಒಳಗೆ ಇಳಿದೆ.

ಇಲ್ಲೂ ಒಂದು ಸಾಲು! ಈ ಸಾಲಿನ ಸ್ವರ ಸ್ಪಷ್ಟ, ಹತ್ತಿರ. ಅಂದರೆ ಮೊಳೆಗಳು ಅಷ್ಟು ಆಳದಲ್ಲಿಲ್ಲ. ಅಪ್ಪ, ಅತ್ತೆಯರ ಮೊಳೆಗಳಿಗಿಂತ ಎಷ್ಟೋ ಈಚಿನವು. ಮೊದಲನೆಯದು ಬುಡದಿಂದ ಸ್ವಲ್ಪವೇ ಮೇಲೆ, ಆಗಷ್ಟೇ ಎದ್ದು ನಿಲ್ಲಲು ಕಲಿತ ಮಗುವಿನ ಎತ್ತರ. ಅಲ್ಲಿಂದ ಚುಕ್ಕಿ ಚುಕ್ಕಿಯಾಗಿ ಏರಿ, ನನ್ನ ಸೊಂಟದ ಮಟ್ಟಕ್ಕೂ ಬಾರದೆ ನಿಂತುಹೋಗಿತ್ತು. ಚುಕ್ಕಿಗಳನ್ನು ಈಗ ನಾನೇ ಇಟ್ಟೆ. ಅತ್ತೆ ಸೀಮೆಸುಣ್ಣವನ್ನು ನನ್ನ ಕೈಗೆ ಕೊಟ್ಟು ಜಗಲಿಯ ಮೇಲೆ ಕೂತಿದ್ದರು.

ನನಗೋ ಸಂಭ್ರಮ. "ಅತ್ತೆ, ಇದು ನಂದು!"

ಯಾಕೆಂದರೆ ನನಗೆ ನೆನಪಿತ್ತು. ಆ ಕ್ಷಣದಲ್ಲಿ ಎಲ್ಲವೂ ಒಟ್ಟಿಗೆ ಬಂತು. ಬೆನ್ನಿಗೆ ಒತ್ತುವ ತೊಗಟೆ. ನೆತ್ತಿಯ ಮೇಲೆ ಪಟ್ಟಿಯ ತಣ್ಣನೆ ಅಂಚು. ಅಲುಗಾಡಬೇಡ ಎನ್ನುವ ಅಜ್ಜಯ್ಯನ ದನಿ. ಕಿವಿಯ ಪಕ್ಕವೇ ಸುತ್ತಿಗೆಯ ಠಣ್, ಅದು ಹಲ್ಲಿನವರೆಗೂ ಹೋಗುವುದು. ಆಮೇಲೆ ಅಳು. ಮರದ ಅಂಟು ಕೂದಲಿಗೆ ಮೆತ್ತಿಕೊಂಡು, ಎಳೆದರೆ ನೋವಾಗಿ, ಯಾರೋ ತೊಡೆಯ ಮೇಲೆ ಮಲಗಿಸಿಕೊಂಡು ಕೊಬ್ಬರಿ ಎಣ್ಣೆ ಹಚ್ಚಿ ಒಂದೊಂದೇ ಎಳೆ ಬಿಡಿಸುತ್ತಿರುವುದು. ಮೇಲೆ ಎಲೆಗಳ ನಡುವೆ ಬಿಸಿಲು ಅಲ್ಲಾಡುತ್ತಿರುವುದು. ಇದನ್ನೆಲ್ಲ ಅತ್ತೆಗೆ ಹೇಳಿದೆ. ಎಣ್ಣೆಯ ವಾಸನೆಯನ್ನೂ ಹೇಳಿದೆ.

ಅತ್ತೆ ನನ್ನನ್ನು ದಿಟ್ಟಿಸಿ ನೋಡಿದರು.

"ನಿಂದಲ್ಲ ಅದು."

"ನನಗೆ ನೆನಪಿದೆ ಅತ್ತೆ."

"ನಿನ್ನ ಅಳತೆ ಇಲ್ಲಿ ಆಗೇ ಇಲ್ಲ. ನಿನ್ನಪ್ಪಂಗೆ ಊರೂರು ವರ್ಗ. ನೀವು ಇಲ್ಲಿಗೆ ಬರ್ತಿದ್ದಿದ್ದು ದಸರಾ ರಜೆಗೆ. ಯುಗಾದಿಗೆ ಒಂದ್ಸಲನಾದ್ರೂ ಬಂದಿದೀರಾ? ನಿಮ್ಮಕ್ಕನ್ನ ಕೇಳು ಬೇಕಾದ್ರೆ."

"ಅಂಟು ಮೆತ್ತಿದ್ದು? ಎಣ್ಣೆ ಹಚ್ಚಿದ್ದು?"

"ಎಣ್ಣೆ ಹಚ್ಚಿದ್ದು ನಾನೇ," ಎಂದರು ಅತ್ತೆ. ದನಿ ತಗ್ಗಿತ್ತು. "ಆದ್ರೆ ಅದು ನಿನ್ನ ತಲೆಗಲ್ಲ ಕಣೆ."

ಆಮೇಲೆ ಎದ್ದು ಬಂದರು. ಸೆರಗಿನ ತುದಿಯಿಂದ ನಾನು ಇಟ್ಟ ಚುಕ್ಕಿಗಳನ್ನು ಮೇಲಿನಿಂದ ಕೆಳಗೆ ಒಂದೊಂದಾಗಿ ಒರೆಸಿದರು. ಮಗುವಿನ ಮುಖ ಒರೆಸುವ ಹಾಗೆ, ಗಡಿಬಿಡಿಯಿಲ್ಲದೆ. ಒರೆಸಿ ಮುಗಿಸಿ, "ಈ ತುಂಡು ಸಾಮಿಲ್ಲಿಗೆ ಹೋಗೋದು ಬೇಡ. ನೀನು ಬೇರೆ ಮರ ನೋಡ್ಕೋ. ಬಾ, ಊಟಕ್ಕೆ ಹೊತ್ತಾಯ್ತು" ಎಂದರು.

ಪಕ್ಕದ ಮನೆಯವರು ಹಾರೆ ಎತ್ತಿಕೊಂಡು ಸದ್ದಿಲ್ಲದೆ ಹೋದರು. ನಿಧಿಯ ಜೋಕು ಯಾರೂ ಮಾಡಲಿಲ್ಲ.

ಊಟಕ್ಕೆ ಎಳೆ ಹಲಸಿನ ಪಲ್ಯ ಇತ್ತು. (ಇತ್ತೇ? ಮರ ಕಡಿಸಿಯಾಗಿತ್ತಲ್ಲ. ಬೇರೆ ಮರದ್ದಿರಬೇಕು.) ಅತ್ತೆ ಎಂದಿನಂತೆ ಬಡಿಸಿದರು. ನಮ್ಮ ಮನೆಯ ತಾರಸಿ, ಮರಗೆಲಸದ ಆಚಾರ್ರ ಮುಂಗೋಪ, ಮುಹೂರ್ತಕ್ಕೆ ಯಾರ್ಯಾರನ್ನು ಕರೆಯಬೇಕು, ಎಲ್ಲ ಮಾತಾಡಿದರು. ನನ್ನ ಬಾಯಲ್ಲಿ ಪ್ರಶ್ನೆ ಇತ್ತು. ಅನ್ನದ ಜೊತೆ ನುಂಗಿದೆ.

ಸಂಜೆ ಅಕ್ಕನಿಗೆ ಫೋನ್ ಮಾಡಿದೆ. "ಅತ್ತೆ ಹೇಳಿದ್ದು ಸರಿ. ನಾವು ಯುಗಾದಿಗೆ ಅಲ್ಲಿಗೆ ಹೋಗಿದ್ದೇ ಇಲ್ಲ" ಎಂದಳು. "ಮತ್ತೆ ನನಗೆ ಹೇಗೆ ನೆನಪಿದೆ?" ಎಂದೆ. "ನಿಂಗೆ ಹುಟ್ಟುವ ಮೊದಲಿನದೂ ನೆನಪಿರ್ತದೆ. ಕನಸು ಬಿದ್ದಿರಬೇಕು," ಎಂದು ನಕ್ಕಳು. ಆ ಮನೆಯಲ್ಲಿ ಬೇರೆ ಮಗು ಇತ್ತಾ ಎಂದು ಕೇಳಿದೆ. ಅವಳಿಗೂ ಗೊತ್ತಿಲ್ಲ. "ಅತ್ತೆ ಮದುವೆಯಾಗಿ ಹೋಗಿ ವಾಪಸ್ ಬಂದಾಗ ನಾನೇ ಇನ್ನೂ ಕೂಸು. ಆಮೇಲೆ ಆ ವಿಷಯ ಯಾರು ಎತ್ತಿದಾರೆ?"

ಅಂದಿನಿಂದ ನನ್ನ ತಲೆಯಲ್ಲಿ ಬೇರೆಯೇ ಒಂದು ಗುಂಯ್. ಇಷ್ಟು ಖಾತ್ರಿಯಾದ ನೆನಪು ನನ್ನದಲ್ಲ ಎಂದರೆ ನನ್ನದು ಯಾವುದು? ಅತ್ತೆ ಎಂದಾದರೂ ನನ್ನ ತಲೆಗೆ ಎಣ್ಣೆ ಹಚ್ಚುತ್ತ ಈ ಕತೆ ಹೇಳಿದ್ದರೇ? ಅಥವಾ ನಿದ್ದೆ ಹೋಗಿದ್ದಾಳೆ ಎಂ​ದುಕೊಂಡು ತಮಗೆ ತಾವೇ ಹೇಳಿಕೊಂಡಿದ್ದರೇ? ನಾನು ಅರೆನಿದ್ದೆಯಲ್ಲಿ ಆ ಮಗುವಿನ ಜಾಗದಲ್ಲಿ ಹೋಗಿ ನಿಂತುಬಿಟ್ಟೆನೇ? ಗೊತ್ತಿಲ್ಲ. ಮೊಳೆಗಳ ಸಾಲು ಅಷ್ಟಕ್ಕೇ ಯಾಕೆ ನಿಂತಿತು ಎನ್ನುವುದೂ ಗೊತ್ತಿಲ್ಲ. ಮಗು ಬೆಳೆಯುವುದು ನಿಂತಿರಬಹುದು. ಮಗುವನ್ನು ಯಾರೋ ಕರೆದುಕೊಂಡು ಹೋಗಿರಬಹುದು. ಅಜ್ಜಯ್ಯನ ಕೈ ನಡುಗಲು ಶುರುವಾಗಿರಬಹುದು. ಎತ್ತು ಮಾರಿ ಲಾಳದ ಮೊಳೆ ಮುಗಿದಿರಬಹುದು. ನನ್ನ ಯಂತ್ರ ಕಬ್ಬಿಣ ಇರುವ ಕಡೆ ಕೂಗುತ್ತದೆ, ಇಲ್ಲದ ಕಡೆ ಸುಮ್ಮನಿರುತ್ತದೆ. ಆ ಮೌನಕ್ಕೆ ಅರ್ಥ ಹೇಳುವ ಮಾಡೆಲ್ ಯಾವ ಬಜೆಟ್ಟಿನಲ್ಲೂ ಕಾಣಲಿಲ್ಲ.

ಆಚಾರ್ರು ದಿನಾ ಫೋನ್ ಮಾಡುತ್ತಿದ್ದರು. "ಮೊಳೆ ಕಿತ್ತು ತೂತಿಗೆ ಅದೇ ಮರದ ಬೆಣೆ ಹೊಡೆದ್ರೆ ದೇವರಿಗೂ ಗೊತ್ತಾಗಲ್ಲ ಅಮ್ಮ" ಎಂದರು. ದೇವರಿಗೆ ಗೊತ್ತಾಗದಿದ್ದರೂ ಒಬ್ಬರಿಗೆ ಗೊತ್ತಾಗುತ್ತದಲ್ಲ. ಕೊನೆಗೆ ಕೊಪ್ಪದಿಂದ ರೆಡಿ ದಾರಂದವೇ ಬಂತು. ನಮ್ಮನೆಯವರು ಬಜೆಟ್ ಬಗ್ಗೆ ಒಂದು ಮಾತೂ ಆಡದೆ ಅದನ್ನು ಇಳಿಸಿಕೊಂಡರು. ಯಾರ ಹಿತ್ತಲಿನ ಮರವೋ, ಯಾರ ತವರಿನದ್ದೋ. ಮುಹೂರ್ತ ಚೆನ್ನಾಗಿ ನಡೆಯಿತು. ಸಾವಿತ್ರತ್ತೆ ಬಂದಿದ್ದರು. ದಾರಂದಕ್ಕೆ ಕುಂಕುಮ ಹಚ್ಚುವಾಗ ಅವರ ಕೈ ಮರದ ಮೇಲೆ ಸ್ವಲ್ಪ ಹೊತ್ತು ಹೆಚ್ಚೇ ನಿಂತಿತು ಎಂದು ನನಗೆ ಅನ್ನಿಸಿತು. ಅನ್ನಿಸಿದ್ದು, ಅಷ್ಟೆ.

ಹೊರಡುವಾಗ ಅವರನ್ನು ಬಸ್ಸಿಗೆ ಬಿಡಲು ಹೋದೆ. ಬಸ್ಸು ಇನ್ನೂ ಬಂದಿರಲಿಲ್ಲ. ರಸ್ತೆಯ ಮೇಲೆ ಮಧ್ಯಾಹ್ನದ ಬಿಸಿಲು ನೀರಿನಂತೆ ತೇಲುತ್ತಿತ್ತು. ಆ ನೀರಿನೊಳಗಿಂದ ಯಾರೋ ನಡೆದು ಬರುತ್ತಿರುವ ಹಾಗೆ ಅತ್ತೆ ಆ ಕಡೆಗೇ ನೋಡುತ್ತಿದ್ದರು. ಈಗ ಕೇಳದಿದ್ದರೆ ಇನ್ನು ಯಾವತ್ತೂ ಕೇಳಲಾರೆ ಎನ್ನಿಸಿತು. ಕೇಳಿದೆ. ಬಸ್ಸು ಬಂತು, ಅತ್ತೆ ಹತ್ತಿದರು, ಕಿಟಕಿಯಿಂದ ಕೈ ಬೀಸಿದರು. ವಾರ ಕಳೆದರೂ ಉತ್ತರ ಬಂದಿಲ್ಲ. ಕೇಳಿದ್ದು ಇಷ್ಟೇ:

"ಅತ್ತೆ, ಆ ಕೂಸಿನ ಹೆಸರೇನು?"